18 ಡೈರಿ, ಒಂದೊಂದೇ ಪ್ರಶ್ನೆ

"ನಟನೆ ಕಲಿಯೋದು ಮೈಯಿಂದ, ಮೊಬೈಲಿನಿಂದ ಅಲ್ಲ ಮಾರಾಯಾ" ಎಂದು ನಗುತ್ತಿದ್ದ ನಿರ್ದೇಶಕ ಗೆಳೆಯ ಹೋದ ತಿಂಗಳು ಫೋನ್ ಮಾಡಿದ್ದ. "ನಿನ್ನ ವಿದ್ಯಾರ್ಥಿಗಳ ಕೈಲಿ ಮೊಬೈಲಲ್ಲಿ ಆ ತಾಲೀಮಿನ ಡೈರಿ ಹೇಗೆ ಬರೆಸ್ತೀಯಾ, ಸ್ವಲ್ಪ ಹೇಳು" ಎಂದ. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಪೂರ್ತಿ ಅಲ್ಲ.

ನಾನು ಪಾಠ ಮಾಡುವುದು ಒಂದು ವರ್ಷದ ರಂಗ ಕೋರ್ಸಿಗೆ. 18 ಮಕ್ಕಳು. ತಾಲೀಮು ಮುಗಿದ ಮೇಲೆ ನೋಟ್ಸ್ ಕೊಡೋದು, ಅಂದರೆ ನಟನೆಯ ತಪ್ಪು-ಒಪ್ಪು ಹೇಳೋದು, ಹೇಗಿರುತ್ತೆ ಅಂತ ನಿಮಗೆ ಗೊತ್ತಲ್ಲ. ರಾತ್ರಿ 10ಕ್ಕೆ ಎಲ್ಲರನ್ನೂ ಕೂರಿಸಿಕೊಂಡು ಬೈಯುವುದು. ಹೊಟ್ಟೆ ಹಸಿದವನಿಗೆ ಏನು ಕೇಳಿಸುತ್ತೆ?

ಅದಕ್ಕೇ ತಾಲೀಮಿನ ಡೈರಿ ಬರೆಯಲಿ ಅಂತ ಮೊದಲ ವರ್ಷ ನೋಟ್‌ಬುಕ್ ಕೊಟ್ಟೆ. ರಷ್ಯಾದ ರಂಗ ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿ ತನ್ನ ನಟನೆಯ ಪುಸ್ತಕವನ್ನೇ ಒಬ್ಬ ವಿದ್ಯಾರ್ಥಿಯ ಡೈರಿಯ ಹಾಗೆ ಬರೆದಿದ್ದಾನೆ, ಹಾಗಾಗಿ ಇದು ನನ್ನ ಸ್ವಂತ ಐಡಿಯಾ ಏನಲ್ಲ. ಆದರೆ ಅವನ ಹುಡುಗ ನಮ್ಮವರ ಹಾಗೆ "ಇವತ್ತು ತಾಲೀಮು ಚೆನ್ನಾಗಿತ್ತು ಸರ್" ಎಂದು ಬರೆಯುತ್ತಿರಲಿಲ್ಲ. ಮೂರು ವಾರಕ್ಕೆ ನೋಟ್‌ಬುಕ್‌ಗಳು ಮೂಲೆ ಸೇರಿದವು.

ಮುಂದಿನ ವರ್ಷ ವಾಟ್ಸಾಪ್ ಗ್ರೂಪ್. ಅದು ಇನ್ನೂ ಕೆಟ್ಟದ್ದು. ಎಲ್ಲರೂ ಎಲ್ಲರಿಗೂ ಚಪ್ಪಾಳೆ. ಆಮೇಲೆ ಪರಿಚಯದ ಹುಡುಗನೊಬ್ಬನಿಂದ ವೆಬ್‌ಸೈಟ್ ಮಾಡಿಸಿದೆ, ಹೆಚ್ಚುಕಡಿಮೆ 14,000 ರೂಪಾಯಿ, ನನ್ನದೇ ಜೇಬಿನಿಂದ. ನಾಲ್ಕು ತಿಂಗಳಲ್ಲಿ ಪಾಸ್‌ವರ್ಡ್ ಮರೆತವರೇ ಜಾಸ್ತಿ. ಮನೆಯಲ್ಲಿ ಈಗಲೂ ಆ ದುಡ್ಡಿನ ಮಾತು ಬರುತ್ತೆ.

ಕೊನೆಗೆ ಕೆಲಸ ಮಾಡಿದ್ದು ಬಿಟ್ಟಿ ಸಿಗುವ ಗೂಗಲ್ ಡಾಕ್. ಒಬ್ಬರಿಗೆ ಒಂದು. ನೋಡೋದು ಅವರು ಮತ್ತು ನಾನು, ಅಷ್ಟೇ. ಒಮ್ಮೆ ನನ್ನ ಕೈತಪ್ಪಿನಿಂದ ಒಬ್ಬಳ ಡೈರಿಯ ಲಿಂಕ್ ಎಲ್ಲರಿಗೂ ತೆರೆದುಕೊಂಡಿತ್ತು. ಅವಳ ಕ್ಷಮೆ ಕೇಳಿದೆ. ಅವಳು ಮತ್ತೆ ಬಾಯಿಬಿಟ್ಟು ಬರೆಯಲು ತಿಂಗಳು ಹಿಡಿಯಿತು.

ಇನ್ನೊಂದು ತಪ್ಪು: ಕಾಗುಣಿತ ತಿದ್ದಿದ್ದು. ಕೊಪ್ಪಳದ ಹುಡುಗ ತನ್ನ ಮಾತಲ್ಲೇ ಬರೆದಿದ್ದ, ನಾನು ಮೇಷ್ಟ್ರಾಗಿ ಕೆಂಪು ಮಾಡಿದೆ. ಮರುದಿನ ಎರಡೇ ಸಾಲು. ಅಂದಿನಿಂದ ತಿದ್ದಿಲ್ಲ. ಟೈಪ್ ಮಾಡಲು ಬೇಜಾರಾದವರು ಫೋನಿಗೆ ಮಾತಾಡಿ ಬರೆಸುತ್ತಾರೆ. ಅವರು "ವಾಚಿಕ" (ಮಾತಿನ ಅಭಿನಯ) ಎಂದು ಹೇಳಿದರೆ ಫೋನು "ವಾಚು" ಅಂತ ಬರೆಯುತ್ತೆ, ಇರಲಿ.

ಗೆಳೆಯನ ಬಾಯಿ ಮುಚ್ಚಿಸಿದ್ದು ಕಾರ್ನಾಡರ ನಾಟಕ "ತುಘಲಕ್". ಚದುರಂಗದ ಮಣೆ ಮುಂದೆ ಸುಲ್ತಾನ, ಮಲತಾಯಿ ಬರುತ್ತಾಳಲ್ಲ, ಆ ದೃಶ್ಯ. ಹುಡುಗ ಅವಳ ಮುಖವನ್ನೇ ನೋಡುತ್ತಿರಲಿಲ್ಲ. "ಕಣ್ಣು ಎತ್ತೋ!" ಎಂದು ಎರಡು ವಾರ ಕೂಗಿದ್ದೆ. ಡೈರಿಯಲ್ಲಿ ಬರೆದ: "ನನಗೆ ನಾಚಿಕೆ ಸರ್. ಅದಕ್ಕೆ ಮಣೆ ನೋಡ್ತೀನಿ." ನಾನು ಕಾಮೆಂಟ್‌ನಲ್ಲಿ ಕೇಳಿದ್ದು ಇಷ್ಟೇ: "ಮಣೆ ನೋಡ್ತಾನೇ ಮಾತಾಡು. ಯಾವ ಮಾತಿಗೆ ತಲೆ ಎತ್ತದೆ ಇರೋಕೆ ಆಗಲ್ಲ?" ಎರಡು ದಿನ ಬಿಟ್ಟು ಒಂದು ಸಾಲು ಹುಡುಕಿ ತಂದ. ಪ್ರದರ್ಶನದ ದಿನ ಅವನು ತಲೆ ಎತ್ತಿದಾಗ ಸಭೆ ಉಸಿರು ಹಿಡಿದಿತ್ತು. ಗೆಳೆಯ ಮೂರನೇ ಸಾಲಿನಲ್ಲಿ ಕೂತಿದ್ದ. ಸುಮ್ನೆ ಹೇಳ್ತಿಲ್ಲ!

ಹಾಗಾಗಿ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಬರೆಯುವುದೇ ಇಲ್ಲ. ಒಂದೇ ಪ್ರಶ್ನೆ. ಉತ್ತರ ಮರುದಿನ ತಾಲೀಮಿನಲ್ಲಿ ಮಾಡಿ ತೋರಿಸಬೇಕು. ದಿನಕ್ಕೆ ಆರು ಡೈರಿ, ಮುಕ್ಕಾಲು ಗಂಟೆ. 18ನ್ನೂ ಒಂದೇ ರಾತ್ರಿ ಓದಲು ಹೋಗಿ ಮೊದಲು ಕಣ್ಣು ಕೆಡಿಸಿಕೊಂಡಿದ್ದೆ.

ಪಾತ್ರದ ಹೆಸರಲ್ಲೇ ಡೈರಿ ಬರೆಸಿ ನೋಡಿದೆ. ಎಲ್ಲರೂ ಕವಿಗಳಾದರು, ವೇದಿಕೆ ಮೇಲೆ ಏನೂ ಬರಲಿಲ್ಲ. ಒಬ್ಬರದ್ದು ಇನ್ನೊಬ್ಬರು ಓದುವುದನ್ನೂ ಮಾಡಿಸಿದೆ, ಜಗಳವಾಯಿತು. ಬೆಳಕಿನ ವಿನ್ಯಾಸ ಕಲಿಯುವವರಿಗೆ ಮಾತ್ರ ಫೋಟೋ ಡೈರಿ ಚೆನ್ನಾಗಿ ಒಗ್ಗಿದೆ.

ಖರ್ಚು? ಐದು ಮಕ್ಕಳ ರೀಚಾರ್ಜು ತಿಂಗಳಿಗೆ ಸುಮಾರು 1,500. ಒಂದು ಹಳೇ ಫೋನ್ 4,500ಕ್ಕೆ.

ಮೊದಲ ವಾರ ಅವರ ಬಾಯಿ ಬಿಡಿಸಲು ಕೇಳುವ ಪ್ರಶ್ನೆ ಒಂದಿದೆ. ಗೆಳೆಯನಿಗೂ ಹೇಳಿಲ್ಲ. ಜುಲೈಗೆ ಬರುವ ಮಕ್ಕಳು ಇದನ್ನು ಓದಿಬಿಟ್ಟರೆ ಕಷ್ಟ, ಅಲ್ವಾ?