ಎಳೆಯ ಗಂಡು ಜಿಂಕೆ ಎದುರಿಗೆ ಬಂದಾಗ: ನನ್ನ ಅನುಭವ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಹಂಟಿಂಗ್ಡನ್ ಕೌಂಟಿಯ ಓಕ್ ಕಾಡಿನಲ್ಲಿ ನಾನು ಹೊಡೆದ ಮೊದಲ ಜಿಂಕೆ ಆರು ತಿಂಗಳ ಗಂಡು ಮರಿಯಾಗಿತ್ತು. ಕೊಂಬಿಲ್ಲದ ಜಿಂಕೆಯನ್ನು ಹೊಡೆಯುವ ಪರವಾನಗಿ ನನ್ನ ಬಳಿ ಇತ್ತು. ಸುಮಾರು ಎಂಬತ್ತು ಗಜ ದೂರದಲ್ಲಿ ಕೊಂಬಿಲ್ಲದ ಜಿಂಕೆಯೊಂದು ಒಂಟಿಯಾಗಿ ನಿಂತಿತ್ತು. ಗಾತ್ರವನ್ನು ಹೋಲಿಸಿ ನೋಡಲು ಪಕ್ಕದಲ್ಲಿ ಇನ್ನೊಂದು ಇರಲಿಲ್ಲ. ಹತ್ತಿರ ಹೋಗಿ ಅದರ ಹಣೆಯನ್ನು ಸವರಿದಾಗ ತೊಗಲಿನಡಿಯಲ್ಲಿ ಎರಡು ಗುಬುಟುಗಳು ಬೆರಳಿಗೆ ತಾಕಿದವು. ಮುಂದಿನ ವರ್ಷ ಅಲ್ಲಿಂದಲೇ ಕೊಂಬು ಮೂಡಬೇಕಿತ್ತು. ಕಾನೂನಿನ ಪ್ರಕಾರ ನಾನು ಮಾಡಿದ್ದು ತಪ್ಪಲ್ಲ, ಏಕೆಂದರೆ ಅಂತಹ ಮರಿಯೂ ಕೊಂಬಿಲ್ಲದ ಜಿಂಕೆಗಳ ಲೆಕ್ಕಕ್ಕೇ ಸೇರುತ್ತದೆ. ಆದರೂ ನಾನು ಹೆಣ್ಣನ್ನು ಹೊಡೆಯಲು ಹೋಗಿದ್ದೆ. ಗಂಡು ಮರಿಯನ್ನು ಗುರುತಿಸಲಾಗದೆ ಹೊಡೆದಿದ್ದೆ. ಎಳೆಯ ಗಂಡುಗಳನ್ನು ಹೊಡೆಯಬೇಕೇ, ಬೆಳೆಯಲು ಬಿಡಬೇಕೇ ಎಂಬ ಪ್ರಶ್ನೆ ನನಗೆ ಮೊದಲು ಎದುರಾದದ್ದು ಆ ಮರಿಯನ್ನು ಎಳೆದುಕೊಂಡು ಬರುವಾಗ.

ನಾನು ತೀರ್ಥಹಳ್ಳಿಯ ಕಡೆಯವನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹುಟ್ಟಿದವನಾದ್ದರಿಂದ ಊರಿನಲ್ಲಿ ಬೇಟೆಯನ್ನು ಕಂಡವನಲ್ಲ. ಹಿರಿಯರ ಮಾತಿನಲ್ಲಿ ಕೇಳಿದ್ದೆ, ಅಷ್ಟೇ. ಇಲ್ಲಿ ಕೋವಿ ಹಿಡಿಯುವ ಮೊದಲು ಹೊಸಬರೆಲ್ಲರೂ ಪಡೆಯಲೇಬೇಕಾದ ಬೇಟೆ ಶಿಕ್ಷಣವನ್ನು ನಾನೂ ಪಡೆದೆ. ಎದೆ, ಬೆನ್ನು ಮತ್ತು ತಲೆಯ ಮೇಲೆ ಒಟ್ಟು 250 ಚದರ ಇಂಚಿನಷ್ಟು ಹೊಳೆಯುವ ಕಿತ್ತಳೆ ಬಣ್ಣ ಇರಬೇಕೆಂಬುದನ್ನು, ಹೊಡೆದ ಜಿಂಕೆಗೆ ಅಲ್ಲಿಯೇ ಚೀಟಿ ಕಟ್ಟಬೇಕೆಂಬುದನ್ನು ಅಲ್ಲಿ ಕಲಿತೆ. ಜಿಂಕೆಯ ವಯಸ್ಸನ್ನು ಹೇಗೆ ಅಂದಾಜು ಮಾಡಬೇಕೆಂಬುದನ್ನು ಮಾತ್ರ ಕಾಡಿನಲ್ಲಿ ಕುಳಿತು, ತಪ್ಪುತ್ತಾ ಕಲಿಯಬೇಕಾಯಿತು.

ಈ ರಾಜ್ಯದಲ್ಲಿ ಪ್ರಶ್ನೆಗೆ ಒಂದು ಹಿನ್ನೆಲೆ ಇದೆ. 2002ಕ್ಕೆ ಮೊದಲು ಪ್ರತಿ ಹಂಗಾಮಿನಲ್ಲಿ ಕೊಂಬಿನ ಗಂಡುಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಬೇಟೆಗೆ ಬಲಿಯಾಗುತ್ತಿದ್ದವು, ಮತ್ತು ಅವುಗಳಲ್ಲಿ ಬಹುಪಾಲು ಒಂದೂವರೆ ವರ್ಷದವು. ಗಂಡು ಜಿಂಕೆಯೊಂದು ತನ್ನ ಮೊದಲ ಕೊಂಬನ್ನು ಹೊತ್ತ ವರ್ಷವೇ ಅದರ ಕೊನೆಯ ವರ್ಷವಾಗುತ್ತಿತ್ತು. ಹೆಣ್ಣನ್ನು ಹೊಡೆಯುವುದು ಸಲ್ಲದೆಂಬ ಹಳೆಯ ನಂಬಿಕೆಯಿಂದ ಹಿಂಡು ಬೆಳೆದು, ಕಾಡಿನ ಎಳೆಯ ಓಕ್ ಸಸಿಗಳನ್ನು ತಲೆಯೆತ್ತಲು ಬಿಡದಷ್ಟು ಮೇಯುತ್ತಿತ್ತು. ಆಗ ರಾಜ್ಯದ ವನ್ಯಜೀವಿ ಇಲಾಖೆಯಾದ ಗೇಮ್ ಕಮಿಷನ್ನಿನ ಜಿಂಕೆ ವಿಭಾಗವನ್ನು ನಡೆಸುತ್ತಿದ್ದ ಗ್ಯಾರಿ ಆಲ್ಟ್ ಊರೂರು ತಿರುಗಿ, ಸಿಟ್ಟಿಗೆದ್ದ ಬೇಟೆಗಾರರ ಮುಂದೆ ನಿಂತು, ಎರಡನ್ನೂ ಒಟ್ಟಿಗೆ ಬದಲಿಸಬೇಕೆಂದು ವಾದಿಸಿದರು: ಹೆಣ್ಣನ್ನು ಹೆಚ್ಚು ಹೊಡೆಯಿರಿ, ಎಳೆಯ ಗಂಡನ್ನು ಬಿಡಿ. 2002ರಿಂದ ರಾಜ್ಯದ ಹೆಚ್ಚಿನ ಭಾಗಗಳಲ್ಲಿ, ಒಂದು ಬದಿಯ ಕೊಂಬಿನಲ್ಲಿ ಕನಿಷ್ಠ ಮೂರು ಕವಲುಗಳಿಲ್ಲದ ಗಂಡನ್ನು ವಯಸ್ಕ ಬೇಟೆಗಾರರು ಹೊಡೆಯುವಂತಿಲ್ಲ. ಇಂದು ಇಲ್ಲಿ ಹೊಡೆಯಲಾಗುವ ಕೊಂಬಿನ ಗಂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎರಡೂವರೆ ವರ್ಷ ಅಥವಾ ಅದಕ್ಕೂ ಮೇಲ್ಪಟ್ಟವು. ಆ ಬದಲಾವಣೆಗೆ ನಾನು ಋಣಿ. ಅದಿಲ್ಲದಿದ್ದರೆ ದೊಡ್ಡ ಗಂಡನ್ನು ಕಣ್ಣಾರೆ ನೋಡುವ ಅವಕಾಶ ನನ್ನಂತಹ ಹೊಸಬನಿಗೆ ಸಿಗುತ್ತಿರಲಿಲ್ಲ.

ಆದರೆ ಕಾನೂನು ಎಣಿಸುವುದು ಕವಲುಗಳನ್ನು, ವರ್ಷಗಳನ್ನಲ್ಲ. ಇದು ನನಗೆ ಅರ್ಥವಾದದ್ದು ಎರಡನೆಯ ಹಂಗಾಮಿನಲ್ಲಿ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಶನಿವಾರ ಬೆಳಿಗ್ಗೆ ಅಟ್ಟಣೆಯಲ್ಲಿ ಕುಳಿತಿದ್ದಾಗ ಎರಡೂ ಬದಿಗೆ ಮೂರು ಮೂರು ಕವಲಿನ ಗಂಡೊಂದು ಇಳಿಜಾರಿನಲ್ಲಿ ಬಂದು ಓಕ್ ಕಾಯಿಗಳನ್ನು ಮೆಲ್ಲುತ್ತಾ ನಿಂತಿತು. ಕಾನೂನಿನಂತೆ ಹೊಡೆಯಬಹುದಿತ್ತು. ರೈಫಲ್ಲನ್ನು ಕೆಳಗಿಟ್ಟು ಬೈನಾಕ್ಯುಲರ್ ಹಿಡಿದು ಕೊಂಬನ್ನು ಮರೆತು ಮೈಯನ್ನಷ್ಟೇ ನೋಡಿದೆ. ಕಾಲುಗಳು ಮೈಗೆ ಹೊಂದದಷ್ಟು ಉದ್ದವಾಗಿದ್ದವು, ಕತ್ತು ತೆಳ್ಳಗಿತ್ತು, ಹೊಟ್ಟೆ ಸೊಂಟದ ಕಡೆಗೆ ಒಳಸರಿದಿತ್ತು. ಕೊಂಬನ್ನು ಕೈಯಿಂದ ಮುಚ್ಚಿದರೆ ಹೆಣ್ಣು ಜಿಂಕೆಯೆಂದೇ ಹೇಳಬಹುದಾಗಿತ್ತು. ಒಂದೂವರೆ ವರ್ಷದ್ದು, ಆದರೆ ಚೆನ್ನಾಗಿ ಮೇದದ್ದು. ಅದೇ ವಯಸ್ಸಿನ, ಬಡ ಮೇವಿನ, ಕೇವಲ ಎರಡು ಕವಲಿನ ಅದರ ಜೊತೆಗಾರನಿಗೆ ಕಾನೂನಿನ ರಕ್ಷಣೆ ಇದೆ; ಚೆನ್ನಾಗಿ ಬೆಳೆದ ಇದಕ್ಕೆ ಇಲ್ಲ. ಕವಲಿನ ನಿಯಮ ಇಟ್ಟ ಕಡೆಗಳಲ್ಲೆಲ್ಲ ತಜ್ಞರು ಎತ್ತುವ ಆಕ್ಷೇಪ ಇದೇ. ಆ ಬೆಳಿಗ್ಗೆ ನಾನು ಅದನ್ನು ಹೋಗಗೊಟ್ಟೆ.

ಅಂದಿನಿಂದ ನಾನು ಅನುಸರಿಸುವ ಕ್ರಮ ಹೀಗಿದೆ. ಎರಡೂವರೆ ವರ್ಷದ ಗಂಡಿನಲ್ಲಿ ಕಾಲಿನ ಉದ್ದ ಇನ್ನೂ ಎದ್ದು ಕಾಣುತ್ತದೆ, ಆದರೆ ನವೆಂಬರಿನ ಬೆದೆಗಾಲದಲ್ಲಿ ಕತ್ತು ಸ್ವಲ್ಪ ಊದಿರುತ್ತದೆ. ಮೂರೂವರೆಯದಕ್ಕೆ ಎದೆ ತುಂಬಿ ಕತ್ತು ಗಟ್ಟಿಯಾದರೂ, ಕತ್ತು ಭುಜವನ್ನು ಸೇರುವ ಗೆರೆ ಸ್ಪಷ್ಟವಾಗಿರುತ್ತದೆ. ಪಂದ್ಯದ ಕುದುರೆಯ ಮೈಕಟ್ಟು ಎನ್ನಬಹುದು. ಅದಕ್ಕಿಂತ ದೊಡ್ಡದರಲ್ಲಿ ಕತ್ತು ನೇರವಾಗಿ ಎದೆಗೆ ಇಳಿಯುತ್ತದೆ, ಹೊಟ್ಟೆ ಜೋಲುತ್ತದೆ, ಕಾಲುಗಳು ಗಿಡ್ಡವಾಗಿ ತೋರುತ್ತವೆ. ಒಂದೂವರೆ ವರ್ಷದ್ದನ್ನು ಉಳಿದವುಗಳಿಂದ ಬೇರ್ಪಡಿಸುವುದು ಅಭ್ಯಾಸದಿಂದ ಸಾಧ್ಯ. ಮೂರೂವರೆಯನ್ನು ನಾಲ್ಕೂವರೆಯಿಂದ ಬೇರ್ಪಡಿಸಬಲ್ಲೆನೆಂದು ನಾನು ಹೇಳಿಕೊಳ್ಳಲಾರೆ. ಹೊಡೆದ ಮೇಲೆ ದವಡೆಯನ್ನು ನೋಡಿ ನನ್ನ ಅಂದಾಜನ್ನು ಒರೆಗೆ ಹಚ್ಚುತ್ತೇನೆ: ಕೆಳದವಡೆಯ ಮೂರನೆಯ ಮುಂದವಡೆ ಹಲ್ಲಿಗೆ ಮೂರು ಏಣುಗಳಿದ್ದರೆ ಅದು ಇನ್ನೂ ಹಾಲುಹಲ್ಲು. ಒಂದೂವರೆ ವರ್ಷ ದಾಟುವ ಹೊತ್ತಿಗೆ ಅದು ಉದುರಿ ಎರಡು ಏಣಿನ ಹಲ್ಲು ಬರುತ್ತದೆ. ಅದಕ್ಕೂ ಮೇಲಿನ ವಯಸ್ಸನ್ನು ಹಲ್ಲಿನ ಸವೆತದಿಂದ ಅಂದಾಜು ಮಾಡಬೇಕು.

ಮಾಂಸಕ್ಕಾಗಿ ಬೇಟೆಯಾಡುವವನಿಗೆ ಈ ಕಾಯುವಿಕೆ ಏಕೆ ಎಂದು ಗೆಳೆಯರು ಕೇಳುತ್ತಾರೆ. ಮಾಂಸಕ್ಕೆ ನಾನು ಹೆಣ್ಣನ್ನು ಹೊಡೆಯುತ್ತೇನೆ. ವಯಸ್ಕ ಹೆಣ್ಣು ಸಾಮಾನ್ಯವಾಗಿ ಎರಡು ಮರಿ ಹಾಕುತ್ತದೆ, ಉಳಿದ ಕೆಲವೇ ಗಂಡುಗಳು ಅನೇಕ ಹೆಣ್ಣುಗಳೊಡನೆ ಕೂಡುತ್ತವೆ. ಹೀಗಾಗಿ ಹಿಂಡಿನ ಸಂಖ್ಯೆ ನಿಂತಿರುವುದು ಹೆಣ್ಣುಗಳ ಮೇಲೆ. ಎಳೆಯ ಗಂಡನ್ನು ಬಿಟ್ಟು, ಹೆಣ್ಣನ್ನೂ ಹೊಡೆಯದೆ ಮನೆಗೆ ಬರುವವನು ಕಾಡಿಗೆ ಉಪಕಾರ ಮಾಡಿದಂತಾಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಈಗ ಹೆಣ್ಣನ್ನು ಹೊಡೆಯುವ ಮುನ್ನ ಎರಡು ಜಿಂಕೆಗಳು ಅಕ್ಕಪಕ್ಕ ಬರುವವರೆಗೆ ಕಾಯುತ್ತೇನೆ. ಗಿಡ್ಡ ಮೂತಿ, ಚೌಕನೆಯ ಮೈ, ಕಿವಿಗಳ ನಡುವೆ ಚಪ್ಪಟೆ ನೆತ್ತಿ ಇದ್ದರೆ ಅದು ಮರಿಯೆಂದು ಬಿಡುತ್ತೇನೆ. ಎಲ್ಲಕ್ಕಿಂತ ಮೊದಲು ಒಂಟಿಯಾಗಿ ಬಯಲಿಗೆ ಬರುವ ಪುಟ್ಟ ಜಿಂಕೆ ಹೆಚ್ಚಾಗಿ ಗಂಡು ಮರಿಯೇ ಆಗಿರುತ್ತದೆ. ನನ್ನ ಮೊದಲ ತಪ್ಪು ಆದದ್ದು ಹಾಗೆಯೇ.

ನಾನು ಬಿಟ್ಟ ಆ ಆರು ಕವಲಿನ ಗಂಡು ಮತ್ತೆಂದೂ ನನಗೆ ಕಾಣಲಿಲ್ಲ. ಮುಂದಿನ ಬೇಸಿಗೆಯಿಡೀ ಕ್ಯಾಮೆರಾ ಕಟ್ಟಿ ಹುಡುಕಿದೆ. ಎಳೆಯ ಗಂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹುಟ್ಟಿದ ಜಾಗವನ್ನು ಬಿಟ್ಟು ಮೈಲುಗಟ್ಟಲೆ ದೂರ ಹೋಗಿ ನೆಲೆಸುತ್ತವೆಂದು ಇದೇ ರಾಜ್ಯದಲ್ಲಿ ರೇಡಿಯೋ ಪಟ್ಟಿ ತೊಡಿಸಿ ನಡೆಸಿದ ಅಧ್ಯಯನಗಳು ತೋರಿಸಿವೆ. ಒಂದೂವರೆ ವರ್ಷದ ಗಂಡನ್ನು ಬಿಡುವವನು ಅದು ಬೆಳೆದು ತನ್ನ ಅಟ್ಟಣೆಯ ಕೆಳಗೇ ಬರುತ್ತದೆಂದು ಲೆಕ್ಕ ಹಾಕಿದರೆ ನಿರಾಶನಾಗುತ್ತಾನೆ. ನಾನು ಒಂದು ವರ್ಷ ಹಾಗೆಯೇ ನಿರಾಶನಾಗಿದ್ದೆ. ಬೇರೆ ಬೆಟ್ಟದಲ್ಲಿ ಯಾರೋ ಬಿಟ್ಟ ಗಂಡು ಇಲ್ಲಿಗೆ ಬರುತ್ತದೆ ಎಂದು ತಿಳಿದ ಮೇಲೆ ಮನಸ್ಸು ಸಮಾಧಾನವಾಯಿತು.

ಮಗಳಿಗೆ ಹದಿಮೂರು ತುಂಬಿ ಕಿರಿಯರ ಪರವಾನಗಿ ಸಿಕ್ಕಾಗ ನನ್ನ ಕ್ರಮವನ್ನು ಅವಳ ಮೇಲೆ ಹೇರಬೇಕೇ ಎಂಬ ಪ್ರಶ್ನೆ ಬಂತು. ಕಿರಿಯರಿಗೆ ಮೂರು ಕವಲಿನ ನಿಯಮ ಅನ್ವಯಿಸುವುದಿಲ್ಲ. ಮೂರು ಇಂಚಿನ ಕವಲಿಲ್ಲದ ಕೊಂಬಿದ್ದರೂ ಸಾಕು. ಮೊದಲ ದಿನ ಸಂಜೆ ಅಂತಹದ್ದೇ ಗಂಡೊಂದು ಬಂದು ನಿಂತಿತು.

“ಅಪ್ಪ, ಇದು ಎಳೆಯದಲ್ಲವೇ?” ಎಂದು ಅವಳು ಪಿಸುಗುಟ್ಟಿದಳು.

“ಹೌದು ಮಗಳೇ. ಹೊಡೆಯಲೂಬಹುದು, ಬಿಡಲೂಬಹುದು. ನೀನೇ ತೀರ್ಮಾನಿಸು” ಎಂದೆ.

ಅವಳು ತಾಳ್ಮೆಯಿಂದ ಅದು ಅಡ್ಡಲಾಗಿ ತಿರುಗುವವರೆಗೆ ಕಾದು ಒಂದೇ ಗುಂಡಿನಲ್ಲಿ ಉರುಳಿಸಿದಳು. ಬಿಡಬೇಕಿತ್ತು ಎಂದು ಶಿಬಿರದಲ್ಲಿ ಒಬ್ಬರು ಹೇಳಿದಾಗ ನನಗೆ ನೋವಾಯಿತು. ಹತ್ತಾರು ಜಿಂಕೆಗಳನ್ನು ಹೊಡೆದ ಮೇಲೆ ಕಲಿತ ಸಂಯಮವನ್ನು ಮೊದಲ ಜಿಂಕೆಯ ಮುಂದೆ ಕುಳಿತ ಮಗುವಿನಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ನನ್ನ ಕ್ರಮವನ್ನು ನಿಜವಾಗಿ ಅಲುಗಿಸಿದ್ದು ರೋಗ. ಜಿಂಕೆಗಳ ಮಿದುಳನ್ನು ಕೊರೆದು ಸೊರಗಿಸಿ ಕೊಲ್ಲುವ, ಪ್ರಿಯಾನ್ ಎಂಬ ವಿಕೃತ ಪ್ರೋಟೀನಿನಿಂದ ಹರಡುವ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಎಂಬ ರೋಗ ಪೆನ್ಸಿಲ್ವೇನಿಯಾದಲ್ಲಿ 2012ರಲ್ಲಿ ಪತ್ತೆಯಾಯಿತು. ಅದೇ ಹಂಗಾಮಿನಲ್ಲಿ ನಮ್ಮ ನೆರೆಯ ಬ್ಲೇರ್ ಮತ್ತು ಬೆಡ್‌ಫರ್ಡ್ ಕೌಂಟಿಗಳಲ್ಲಿ ಹೊಡೆದ ಕಾಡಿನ ಜಿಂಕೆಗಳಲ್ಲಿಯೂ ಕಾಣಿಸಿತು. ಇದಕ್ಕೆ ಔಷಧವಿಲ್ಲ. ವಯಸ್ಕ ಗಂಡುಗಳಲ್ಲಿ ಈ ಸೋಂಕು ಹೆಣ್ಣುಗಳಿಗಿಂತ ಹೆಚ್ಚು, ಮತ್ತು ದೂರ ಹೋಗುವ ಎಳೆಯ ಗಂಡುಗಳು ಅದನ್ನು ಹೊಸ ಬೆಟ್ಟಗಳಿಗೆ ಒಯ್ಯಬಲ್ಲವು. ಗಂಡುಗಳನ್ನು ಬೆಳೆಯಲು ಬಿಡಿ ಎಂಬ ಮಾತು ರೋಗವಿಲ್ಲದ ಕಾಡಿನಲ್ಲಿ ಸರಿಯಾದದ್ದು, ರೋಗವಿರುವ ಕಾಡಿನಲ್ಲಿ ಅದೇ ಮಾತು ಹಾನಿ ಮಾಡಬಹುದು. ಮಿಸೌರಿ ರಾಜ್ಯವು ರೋಗ ಕಂಡ ಕೌಂಟಿಗಳಲ್ಲಿ ಕವಲಿನ ನಿಯಮವನ್ನು ತೆಗೆದುಹಾಕಿದ್ದು ಇದೇ ಕಾರಣಕ್ಕೆ. ಆದ್ದರಿಂದ ರೋಗದ ವಲಯದಲ್ಲಿ ಕುಳಿತಾಗ ಕಾನೂನು ಒಪ್ಪುವ ಗಂಡು ಬಂದರೆ ಅದು ಒಂದೂವರೆ ವರ್ಷದ್ದಾದರೂ ನಾನೀಗ ಹೊಡೆಯುತ್ತೇನೆ. ವಲಯದ ಹೊರಗಿನ ಕಾಡಿನಲ್ಲಿ ಹಿಂದಿನಂತೆಯೇ ಬಿಡುತ್ತೇನೆ.

ಕಳೆದ ಹಂಗಾಮಿನಲ್ಲಿ ವಲಯದೊಳಗೆ ಏಳು ಕವಲಿನ ಗಂಡೊಂದನ್ನು ಹೊಡೆದೆ. ಆರು ವರ್ಷಗಳ ಹಿಂದೆ ಬಿಟ್ಟದ್ದರಂತೆಯೇ ಉದ್ದ ಕಾಲು, ತೆಳು ಕತ್ತು. ತಲೆ ಮತ್ತು ಬೆನ್ನುಮೂಳೆಯನ್ನು ವಲಯದ ಹೊರಗೆ ಒಯ್ಯುವಂತಿಲ್ಲವಾದ್ದರಿಂದ ಅಲ್ಲಿಯೇ ಮಾಂಸವನ್ನು ಮೂಳೆಯಿಂದ ಬಿಡಿಸಿ, ತಲೆಗೆ ಚೀಟಿ ಕಟ್ಟಿ, ಗೇಮ್ ಕಮಿಷನ್ ಇಟ್ಟಿರುವ ಸಂಗ್ರಹ ಪೆಟ್ಟಿಗೆಗೆ ಹಾಕಿ ಬಂದೆ. ಫಲಿತಾಂಶ ಬರುವವರೆಗೆ ಮಾಂಸದ ಪೊಟ್ಟಣಗಳು ದಿನಾಂಕ ಬರೆಸಿಕೊಂಡು ಫ್ರೀಜರಿನಲ್ಲಿ ಬೇರೆಯಾಗಿಯೇ ಇದ್ದವು. ಸೋಂಕಿಲ್ಲವೆಂದು ತಿಳಿದ ದಿನ ಮಗಳು ಒಂದು ಪೊಟ್ಟಣವನ್ನು ತೆಗೆದು ನೀರಿನಲ್ಲಿ ಇಟ್ಟಳು. ನಾನು ಮೆಣಸು, ಕೊತ್ತಂಬರಿ ಹುರಿಯಲು ಒಲೆ ಹಚ್ಚಿದೆ.