ಊಟಕ್ಕೆ ಹಠ ಮಾಡುವ ನಾಯಿಮರಿಯನ್ನು ಒಳ್ಳೆಯ ಒಣ ಆಹಾರಕ್ಕೆ ಒಗ್ಗಿಸುವುದು ಹೇಗೆ

ನಾಯಿಮರಿ ಮನೆಗೆ ಬಂದ ಮೊದಲ ವಾರಗಳಲ್ಲಿ ಅದು ಏನು ತಿನ್ನಬೇಕೆಂಬುದನ್ನು ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಯಾರೂ ಕುಳಿತು ತೀರ್ಮಾನಿಸಿರುವುದಿಲ್ಲ. ಮರಿ ಮಾರಿದವರು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟ ಒಂದಿಷ್ಟು ಬಿಡಿ ಡಾಗ್ ಫುಡ್, ಬೆಳಿಗ್ಗೆ ಹಾಲಿನಲ್ಲಿ ನೆನೆಸಿದ ಗ್ಲೂಕೋಸ್ ಬಿಸ್ಕತ್ತು, ಮಧ್ಯಾಹ್ನ ಅಜ್ಜಿ ಕಲಸಿ ಹಾಕುವ ಮೊಸರನ್ನ, ಸಂಜೆ ಮಕ್ಕಳ ಕೈಯಿಂದ ಸಿಗುವ ಚಪಾತಿ ಚೂರು, ಹೀಗೆ ಅದರ ಊಟ ತಾನಾಗಿಯೇ ರೂಢಿಗೆ ಬರುತ್ತದೆ. ಮುಂದೊಂದು ದಿನ ಪಶುವೈದ್ಯರು ಮರಿಯ ಮಾಸಲು ಕೂದಲನ್ನೋ ಸಡಿಲ ಮಲವನ್ನೋ ನೋಡಿ ಒಳ್ಳೆಯ ಒಣ ಆಹಾರ ಕೊಡಿ ಎನ್ನುತ್ತಾರೆ. ಮರಿಯಾದರೋ ಹೊಸ ಕಾಳನ್ನು ಮೂಸಿ ನೋಡಿ, ಬಟ್ಟಲಿಗೆ ಬೆನ್ನು ತಿರುಗಿಸಿ, ಅಡುಗೆಮನೆಯ ಬಾಗಿಲಲ್ಲಿ ಹೋಗಿ ಕೂರುತ್ತದೆ. ಬಟ್ಟಲು ಬಿಟ್ಟರೆ ಅದಕ್ಕಿಂತ ರುಚಿಯಾದದ್ದು ಬರುತ್ತದೆ ಎಂದು ಅದು ಕಲಿತುಬಿಟ್ಟಿರುತ್ತದೆ, ಕಲಿಸಿದವರು ಮನೆಯವರೇ. ಆದ್ದರಿಂದ ಮರಿಯ ಹೊಟ್ಟೆಗೆ ಹೋಗುವ ಆಹಾರವನ್ನು ನಿಧಾನವಾಗಿ ಬದಲಾಯಿಸಬೇಕು, ಮನೆಯವರ ನಡವಳಿಕೆಯನ್ನು ಮೊದಲ ದಿನದಿಂದಲೇ ಬದಲಾಯಿಸಬೇಕು. ಎರಡನೆಯದೇ ಹೆಚ್ಚು ಕಷ್ಟದ್ದು ಎಂಬುದು ನನ್ನ ಅಭಿಪ್ರಾಯ.

ಯಾವ ಪ್ರಯತ್ನಕ್ಕೂ ಮುನ್ನ ಮರಿ ಹಠ ಮಾಡುತ್ತಿದೆಯೋ, ಕಾಯಿಲೆ ಬಿದ್ದಿದೆಯೋ ಎಂಬುದು ಖಚಿತವಾಗಬೇಕು. ನಿನ್ನೆಯವರೆಗೂ ಬಿಸ್ಕತ್ತಿಗೆ ಓಡಿ ಬರುತ್ತಿದ್ದ ಮರಿ ಇಂದು ಅದನ್ನೂ ಮುಟ್ಟದೆ ಮೂಲೆಯಲ್ಲಿ ಮಲಗಿದ್ದರೆ ಅದು ಹಠವಲ್ಲ. ಜಂತುಹುಳು, ರಕ್ತ ಹೀರುವ ಉಣ್ಣೆ ಹುಳುವಿನಿಂದ ಬರುವ ಜ್ವರ, ಲಸಿಕೆ ಪೂರ್ಣವಾಗದ ಮರಿಗಳಿಗೆ ತಗಲುವ ಪಾರ್ವೋ ಸೋಂಕು, ಇವೆಲ್ಲವೂ ಊಟ ಬಿಡುವುದರಿಂದಲೇ ಕಾಣಿಸಿಕೊಳ್ಳಬಹುದು. ಪಾರ್ವೋ ಸೋಂಕಿನಲ್ಲಿ ವಾಂತಿಯೂ ರಕ್ತ ಬೆರೆತ ಭೇದಿಯೂ ಬೇಗನೆ ಸೇರಿಕೊಳ್ಳುವುದರಿಂದ ಒಂದು ರಾತ್ರಿ ಕಾದು ನೋಡುವುದೂ ಅಪಾಯವೇ. ಇನ್ನೊಂದು ಸರಳ ಕಾರಣವೂ ಇದೆ: ಸುಮಾರು ನಾಲ್ಕರಿಂದ ಆರು ತಿಂಗಳ ನಡುವೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವಾಗ ವಸಡು ನೋಯುತ್ತದೆ, ಆಗ ಗಟ್ಟಿ ಕಾಳನ್ನು ಕಡಿಯಲು ಮರಿ ಹಿಂಜರಿಯುತ್ತದೆ. ಹತ್ತಿರದ ಪಶುವೈದ್ಯರಿಂದಲೋ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೋ ಒಮ್ಮೆ ಪರೀಕ್ಷೆ ಮಾಡಿಸಿ, ಜಂತುಹುಳುವಿನ ಔಷಧ ಮತ್ತು ಲಸಿಕೆಯ ಲೆಕ್ಕ ಸರಿಯಾಗಿದೆಯೆಂದು ಖಾತ್ರಿ ಮಾಡಿಕೊಂಡ ನಂತರವೇ ಆಹಾರದ ಕಡೆಗೆ ಗಮನ ಕೊಡುವುದು ಒಳಿತು.

ಆಹಾರವನ್ನು ಆರಿಸುವಾಗ ಚೀಲದ ಮುಂಭಾಗದ ಚಿತ್ರಕ್ಕಿಂತ ಹಿಂಭಾಗದ ಸಣ್ಣಕ್ಷರಗಳನ್ನು ಓದಬೇಕು. ಅದು ಬೆಳೆಯುವ ಮರಿಗಳಿಗೆ, ಅಂದರೆ ‘ಪಪ್ಪಿ’ ಅಥವಾ ‘ಗ್ರೋತ್’ ಹಂತಕ್ಕೆ, ಪೂರ್ಣ ಮತ್ತು ಸಮತೋಲಿತ ಆಹಾರವೆಂದು ಸ್ಪಷ್ಟವಾಗಿ ಬರೆದಿರಬೇಕು. ದೊಡ್ಡ ನಾಯಿಗಳ ಆಹಾರವನ್ನೇ ಕಡಿಮೆ ಪ್ರಮಾಣದಲ್ಲಿ ಹಾಕಿದರೆ ಸಾಲದು. ಪ್ರಾಣಿ ಆಹಾರಕ್ಕೆ ಮಾನದಂಡ ರೂಪಿಸುವ ಅಮೆರಿಕದ ಆಫ್ಕೋ (AAFCO) ಸಂಸ್ಥೆಯ ಪ್ರಕಾರ, ನೀರಿನಂಶ ಕಳೆದ ಲೆಕ್ಕದಲ್ಲಿ, ಮರಿಗಳ ಆಹಾರದಲ್ಲಿ ಪ್ರೋಟೀನ್ ಕನಿಷ್ಠ ಶೇ. 22.5, ಕೊಬ್ಬು ಕನಿಷ್ಠ ಶೇ. 8.5 ಇರಬೇಕು, ವಯಸ್ಕ ನಾಯಿಗಳಿಗಾದರೆ ಇವು ಶೇ. 18 ಮತ್ತು ಶೇ. 5.5. ಒಣ ಆಹಾರದಲ್ಲಿ ಸಾಮಾನ್ಯವಾಗಿ ಶೇ. 10ರಷ್ಟು ನೀರಿನಂಶ ಇರುವುದರಿಂದ, ಚೀಲದ ಮೇಲೆ ಪ್ರೋಟೀನ್ ಶೇ. 24 ಎಂದಿದ್ದರೆ 24ನ್ನು 90ರಿಂದ ಭಾಗಿಸಿ ನೂರರಿಂದ ಗುಣಿಸಬೇಕು, ಶೇ. 26ಕ್ಕಿಂತ ತುಸು ಹೆಚ್ಚು ಬರುತ್ತದೆ. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯುವ ಪದ್ಧತಿಯಿರುವುದರಿಂದ, ಮೊದಲ ಸಾಲುಗಳಲ್ಲಿ ಮಾಂಸ, ಮೀನು ಅಥವಾ ಮೊಟ್ಟೆಯ ಹೆಸರು ಕಾಣುವ ಆಹಾರವನ್ನು ನಾನು ಮೇಲೆಂದು ಎಣಿಸುತ್ತೇನೆ. ಮಾಂಸ ಬೇಯಿಸದ ಮನೆಗಳಲ್ಲಿ ಒಣ ಆಹಾರದಿಂದ ಆಗುವ ದೊಡ್ಡ ಅನುಕೂಲವೂ ಇದೇ: ಅಡುಗೆಮನೆಯ ಆಚಾರ ಕೆಡದೆ ಮರಿಗೆ ಬೇಕಾದ ಪ್ರೋಟೀನ್ ಸಿಗುತ್ತದೆ.

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೀಲರ್‌ನಂಥ ದೊಡ್ಡ ತಳಿಯ ಮರಿಗಳಿದ್ದರೆ ಕ್ಯಾಲ್ಸಿಯಂ ಕಡೆಗೂ ಗಮನವಿರಲಿ. ಎಳೆಯ ಮರಿಯ ಕರುಳು ಹೆಚ್ಚುವರಿ ಕ್ಯಾಲ್ಸಿಯಂ ಅನ್ನು ತಡೆಯಲಾರದೆ ಹೀರಿಕೊಳ್ಳುವುದರಿಂದ ಮೂಳೆ ಮತ್ತು ಕೀಲುಗಳು ವಕ್ರವಾಗಿ ಬೆಳೆಯುವ ಸಂಭವವಿದೆ; ದೊಡ್ಡ ತಳಿಯ ಮರಿಗಳ ಆಹಾರದಲ್ಲಿ ಕ್ಯಾಲ್ಸಿಯಂಗೆ ಆಫ್ಕೋ, ನೀರಿನಂಶ ಕಳೆದ ಲೆಕ್ಕದಲ್ಲಿ, ಶೇ. 1.8ರ ಮಿತಿಯನ್ನು ಇಟ್ಟಿರುವುದು ಇದೇ ಕಾರಣಕ್ಕೆ. ಸಮತೋಲಿತ ಆಹಾರ ಕೊಡುತ್ತಾ ಅದರ ಮೇಲೆ ಕ್ಯಾಲ್ಸಿಯಂ ಸಿರಪ್ಪನ್ನೂ ಕುಡಿಸುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ವೈದ್ಯರು ನಿರ್ದಿಷ್ಟವಾಗಿ ಬರೆದುಕೊಡದಿದ್ದರೆ ಅದನ್ನು ದಯವಿಟ್ಟು ನಿಲ್ಲಿಸಬೇಕು. ಅಂಗಡಿಯಲ್ಲಿ ಗೋಣಿಯಿಂದ ತೂಗಿ ಕೊಡುವ ಬಿಡಿ ಆಹಾರವೂ ಬೇಡ. ಅದು ಯಾವಾಗ ತಯಾರಾಯಿತು, ಎಷ್ಟು ದಿನದಿಂದ ಗಾಳಿಗೆ ತೆರೆದುಕೊಂಡಿದೆ ಎಂಬುದು ತಿಳಿಯುವುದಿಲ್ಲ, ಅದರಲ್ಲಿನ ಕೊಬ್ಬು ಕಮಟಾಗಿರುವುದನ್ನು ನಮಗಿಂತ ಮೊದಲು ಮರಿಯ ಮೂಗು ಪತ್ತೆ ಹಚ್ಚುತ್ತದೆ. ಮೊದಲ ಸಲ ಸಣ್ಣ ಚೀಲವನ್ನೇ ಕೊಳ್ಳಿ.

ಎಷ್ಟು ಹಾಕಬೇಕೆಂಬ ಲೆಕ್ಕ ಸ್ವಲ್ಪ ಬೇಸರ ತರಿಸಿದರೂ ಊಟ ಬೇಡವೆನ್ನುವ ಅರ್ಧದಷ್ಟು ಪ್ರಕರಣಗಳ ಗುಟ್ಟು ಇಲ್ಲಿಯೇ ಇರುತ್ತದೆ ಎಂದು ನನಗನ್ನಿಸುತ್ತದೆ. ಕಿಲೋ ಲೆಕ್ಕದಲ್ಲಿ ಮರಿಯ ತೂಕವನ್ನು ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿ, ಬಂದ ಸಂಖ್ಯೆಗೆ ಕ್ಯಾಲ್ಕುಲೇಟರಿನಲ್ಲಿ ಎರಡು ಸಲ ವರ್ಗಮೂಲದ ಗುಂಡಿ ಒತ್ತಿ, ಕೊನೆಗೆ 70ರಿಂದ ಗುಣಿಸಿದರೆ ವಿಶ್ರಾಂತಿಯಲ್ಲಿ ಬೇಕಾಗುವ ಕ್ಯಾಲರಿ ಸಿಗುತ್ತದೆ. ಉದಾಹರಣೆಗೆ 5 ಕಿಲೋ ತೂಕದ ಮರಿಗೆ 5×5×5, ಅಂದರೆ 125. ಎರಡು ಸಲ ವರ್ಗಮೂಲ ತೆಗೆದರೆ 3.34, 70ರಿಂದ ಗುಣಿಸಿದರೆ ಸುಮಾರು 234. ನಾಲ್ಕು ತಿಂಗಳೊಳಗಿನ ಮರಿಗೆ ಇದರ ಮೂರು ಪಟ್ಟು, ಆಮೇಲೆ ಎರಡು ಪಟ್ಟು ಬೇಕು. ಮೂರು ತಿಂಗಳ ಆ ಮರಿಗೆ ದಿನಕ್ಕೆ ಸುಮಾರು 700 ಕ್ಯಾಲರಿ ಎಂದಾಯಿತು. 100 ಗ್ರಾಂಗೆ 370 ಕ್ಯಾಲರಿಯ ಆಹಾರವಾದರೆ ದಿನಕ್ಕೆ 190 ಗ್ರಾಂ, ನಾಲ್ಕು ಹೊತ್ತಿಗೆ ಹಂಚಿದರೆ ಹೊತ್ತಿಗೆ 50 ಗ್ರಾಂ ಕೂಡ ಆಗುವುದಿಲ್ಲ. ಅತ್ತ 100 ಗ್ರಾಂ ಗ್ಲೂಕೋಸ್ ಬಿಸ್ಕತ್ತಿನಲ್ಲಿ ಸುಮಾರು 450 ಕ್ಯಾಲರಿ ಇರುವುದರಿಂದ, ಮನೆಯವರೆಲ್ಲ ಸೇರಿ ದಿನವಿಡೀ 40 ಗ್ರಾಂ ಬಿಸ್ಕತ್ತು ತಿನ್ನಿಸಿದರೂ ಮರಿಯ ಕಾಲುಭಾಗ ಊಟ ಮುಗಿದಂತೆ. ಹೊಟ್ಟೆ ತುಂಬಿರುವ ಮರಿ ಬಟ್ಟಲನ್ನು ಬಿಡುವುದರಲ್ಲಿ ಆಶ್ಚರ್ಯವೇನಿದೆ?

ಇನ್ನು ಬದಲಾವಣೆಯ ಕ್ರಮ. ಸಾಮಾನ್ಯ ಮರಿಗೆ ಏಳರಿಂದ ಹತ್ತು ದಿನ ಸಾಕು. ಹಠದ ಮರಿಗೆ, ಅದರಲ್ಲೂ ಈವರೆಗೆ ಮೊಸರನ್ನದಲ್ಲೇ ಬೆಳೆದ ಮರಿಗೆ, ಎರಡು ವಾರ ತೆಗೆದುಕೊಂಡರೂ ತಪ್ಪಿಲ್ಲ. ಮೊದಲ ಮೂರ್ನಾಲ್ಕು ದಿನ ಹಳೆಯ ಆಹಾರ ಮುಕ್ಕಾಲು, ಹೊಸದು ಕಾಲು. ಮಲ ಗಟ್ಟಿಯಾಗಿಯೇ ಇದ್ದರೆ ಮುಂದಿನ ಮೂರ್ನಾಲ್ಕು ದಿನ ಅರ್ಧ ಅರ್ಧ. ಆನಂತರ ಹೊಸದು ಮುಕ್ಕಾಲು. ಕೊನೆಗೆ ಪೂರ್ತಿ ಹೊಸದು. ದಿನಗಳ ಎಣಿಕೆಗಿಂತ ಮಲದ ಸ್ಥಿತಿಯೇ ಮುಖ್ಯ, ಅದು ಸಡಿಲವಾದರೆ ಒಂದು ಹಂತ ಹಿಂದಕ್ಕೆ ಹೋಗಿ ಎರಡು ದಿನ ನಿಲ್ಲಬೇಕು. ಮರಿ ಮನೆಗೆ ಬಂದ ವಾರ, ಲಸಿಕೆ ಹಾಕಿಸಿದ ದಿನ, ದೀಪಾವಳಿಯ ಪಟಾಕಿ ಸದ್ದಿನ ದಿನಗಳು, ಊರಿಗೆ ಹೊರಟ ಸಂದರ್ಭ, ಇವುಗಳಲ್ಲಿ ಆರಂಭಿಸುವುದು ಬೇಡ. ಹಾಲನ್ನು ಮಾತ್ರ ಪೂರ್ತಿ ಕೈಬಿಡಬಹುದು. ತಾಯಿಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಮರಿಯಲ್ಲಿ ಕುಗ್ಗುತ್ತಾ ಹೋಗುವುದರಿಂದ, ಎಷ್ಟೋ ಸಲ ಹೊಸ ಆಹಾರದ ಮೇಲೆ ಹೊರಿಸುವ ಭೇದಿಗೆ ಹಾಲೇ ಕಾರಣವಾಗಿರುತ್ತದೆ.

ಹಠದ ಮರಿ ಹಳೆಯದನ್ನು ನೆಕ್ಕಿ ಹೊಸ ಕಾಳನ್ನು ಬಟ್ಟಲಿನಾಚೆಗೆ ಉಗುಳುವುದರಲ್ಲಿ ಬಲು ಜಾಣ. ಇದಕ್ಕೆ ನೆನೆಸುವುದೇ ಉತ್ತಮ ಉಪಾಯ. ಅಳೆದ ಕಾಳಿನ ಮೇಲೆ ಅದು ಮುಳುಗುವಷ್ಟು ಉಗುರುಬೆಚ್ಚಗಿನ ನೀರು ಹಾಕಿ ಮುಚ್ಚಿಡಿ. ಕುದಿಯುವ ನೀರು ಬೇಡ, ಕೆಲವು ವಿಟಮಿನ್‌ಗಳು ಶಾಖಕ್ಕೆ ಕೆಡುತ್ತವೆ. ಹತ್ತು ಹದಿನೈದು ನಿಮಿಷಗಳಲ್ಲಿ ಕಾಳು ಉಬ್ಬುತ್ತದೆ, ಹೊರಪದರದ ಎಣ್ಣೆಯಂಶ ನೀರಿಗಿಳಿದು ನೀರು ತಿಳಿಗಂದು ಬಣ್ಣಕ್ಕೆ ತಿರುಗುತ್ತದೆ, ಮುಚ್ಚಳ ತೆಗೆದರೆ ಮಾಂಸದ ವಾಸನೆ ಏಳುತ್ತದೆ. ಒಂದು ಕಾಳನ್ನು ಬೆರಳುಗಳ ನಡುವೆ ಒತ್ತಿ ನೋಡಿ: ನಡುವೆ ಗಟ್ಟಿ ತಿರುಳು ಉಳಿಯದೆ ಪೂರ್ತಿ ಹಿಸುಕಿಹೋದರೆ ಹದವಾಗಿದೆ. ಅದನ್ನು ಹಾಗೆಯೇ ಹಿಸುಕಿ ಹಳೆಯ ಅನ್ನದೊಂದಿಗೆ ಕಲಸಿದರೆ ಮರಿಗೆ ಬೇರ್ಪಡಿಸಲು ಬರುವುದಿಲ್ಲ. ನಾಯಿ ರುಚಿಗಿಂತ ವಾಸನೆಯನ್ನು ನೆಚ್ಚಿ ತಿನ್ನುವ ಪ್ರಾಣಿಯಾದ್ದರಿಂದ ಈ ಬೆಚ್ಚಗಿನ ವಾಸನೆಯೇ ಅರ್ಧ ಕೆಲಸ ಮಾಡುತ್ತದೆ. ಪೂರ್ತಿ ಹೊಸ ಆಹಾರಕ್ಕೆ ಬಂದ ಮೇಲೆ ದಿನೇ ದಿನೇ ನೀರು ಕಡಿಮೆ ಮಾಡುತ್ತಾ ಒಣ ಕಾಳಿಗೆ ತರಬಹುದು. ನೆನೆಸಿದ್ದು ಬೇಗ ಹಳಸುತ್ತದೆ; ಉಳಿದದ್ದನ್ನು, ವಿಶೇಷವಾಗಿ ಏಪ್ರಿಲ್ ತಿಂಗಳ ಸೆಕೆಯಲ್ಲಿ, ಅರ್ಧ ಗಂಟೆಯೊಳಗೆ ಎಸೆಯಿರಿ.

ಇಷ್ಟಾದರೂ ತಿನ್ನದಿದ್ದರೆ, ಬೇಯಿಸಿದ ಮೂಳೆಯಿಲ್ಲದ ಕೋಳಿಮಾಂಸದ ಎಳೆಗಳನ್ನೋ ಅದನ್ನು ಬೇಯಿಸಿದ ನೀರನ್ನೋ, ಬೇಯಿಸಿದ ಮೊಟ್ಟೆಯ ಚೂರನ್ನೋ, ಬೇಯಿಸಿದ ಸಿಹಿಗುಂಬಳವನ್ನೋ ಒಂದೆರಡು ಚಮಚ ಬೆರೆಸಬಹುದು. ಇದು ದಿನದ ಕ್ಯಾಲರಿಯಲ್ಲಿ ಹತ್ತನೇ ಒಂದು ಭಾಗವನ್ನು ಮೀರಬಾರದು; ಮೇಲೆ ಉದುರಿಸದೆ ಒಳಗೆ ಕಲಸಬೇಕು; ವಾರದಿಂದ ವಾರಕ್ಕೆ ಇಳಿಸುತ್ತಾ ಬರಬೇಕು. ಉಪ್ಪು, ಒಗ್ಗರಣೆ ಬೇಡ. ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಆದ್ದರಿಂದ ನಮ್ಮ ಸಾರು, ಹುಳಿ, ಪಲ್ಯ, ಉಪ್ಪಿಟ್ಟು ಯಾವುದೂ ಅದರ ಬಟ್ಟಲಿಗೆ ಹೋಗಬಾರದು. ಪಾಯಸ ಮತ್ತು ಕೇಸರಿಬಾತಿನ ಒಣದ್ರಾಕ್ಷಿ ಮೂತ್ರಪಿಂಡಗಳಿಗೆ ವಿಷ. ಚಾಕೊಲೇಟ್ ಮತ್ತು ಬೇಯಿಸಿದ ಮೂಳೆಗಳ ವಿಷಯದಲ್ಲೂ ಇಷ್ಟೇ ಕಟ್ಟುನಿಟ್ಟಾಗಿರಬೇಕು.

ಈಗ ಮನೆಯವರ ಸಂಗತಿ. ಊಟದ ಹೊತ್ತು ನಿಗದಿಯಾಗಿರಲಿ: ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು, ಆಮೇಲೆ ಎರಡು. ಬಟ್ಟಲನ್ನು ಪ್ರತಿದಿನ ಒಂದೇ ಜಾಗದಲ್ಲಿ, ಜನರ ಓಡಾಟವಿಲ್ಲದ ಮೂಲೆಯಲ್ಲಿಟ್ಟು ಹದಿನೈದು ಇಪ್ಪತ್ತು ನಿಮಿಷ ಬಿಡಿ. ತಿನ್ನದಿದ್ದರೆ ಗದರದೆ, ಗೋಗರೆಯದೆ, ಮುಖ ನೋಡದೆ ಎತ್ತಿಡಿ. ಮುಂದಿನ ಹೊತ್ತಿನವರೆಗೆ ನೀರು ಬಿಟ್ಟು ಬೇರೇನೂ ಬೇಡ. ಕೈತುತ್ತು ತಿನ್ನಿಸುವುದು, ಬಟ್ಟಲಿನ ಪಕ್ಕದಲ್ಲಿ ಕುಳಿತು ಮುದ್ದು ಮಾಡುವುದು, ಇವೆಲ್ಲ ತಿನ್ನದಿರುವುದಕ್ಕೆ ಸಿಗುವ ಬಹುಮಾನಗಳಾಗುತ್ತವೆ. ಒಬ್ಬರು ನಿಯಮ ಪಾಲಿಸಿ ಇನ್ನೊಬ್ಬರು ಮೇಜಿನ ಕೆಳಗಿನಿಂದ ಚಪಾತಿ ಕೊಟ್ಟರೆ ಆ ದಿನದ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಮನೆಗೆಲಸಕ್ಕೆ ಬರುವವರಿಗೂ ಪಕ್ಕದ ಮನೆಯ ಮಕ್ಕಳಿಗೂ ಮೊದಲೇ ಹೇಳಿಡಬೇಕು. ಹಿರಿಯರ ವಿಷಯದಲ್ಲಿ ನಿಷೇಧಕ್ಕಿಂತ ಹಂಚಿಕೆ ಫಲಿಸುತ್ತದೆ. ದಿನದ ಪಾಲಿನಿಂದಲೇ ಒಂದು ಹಿಡಿ ಒಣ ಕಾಳನ್ನು ಪುಟ್ಟ ಡಬ್ಬಿಗೆ ತೆಗೆದಿಟ್ಟು, “ಅಮ್ಮ, ಕೊಡಬೇಕೆನ್ನಿಸಿದಾಗ ನೀವೇ ಕೊಡಿ, ಆದರೆ ಈ ಡಬ್ಬಿಯಿಂದ ಮಾತ್ರ ಕೊಡಿ” ಎಂದರೆ ಅವರ ಅಕ್ಕರೆಗೂ ಭಂಗವಿಲ್ಲ, ಮರಿಯ ಕ್ರಮವೂ ಕೆಡುವುದಿಲ್ಲ. ಅಜ್ಜಿಯ ಕೈಯಿಂದ ಬಂದದ್ದೆಂಬ ಕಾರಣಕ್ಕೇ ಮರಿ ಅದನ್ನು ಆಸೆಯಿಂದ ತಿನ್ನುವುದನ್ನು ನೋಡಬಹುದು.

ಆದರೆ ಈ ಕಟ್ಟುನಿಟ್ಟಿಗೆ ಒಂದು ಗಡಿಯಿದೆ, ಅದನ್ನು ಯಾರೂ ದಾಟಬಾರದು. ನಾಲ್ಕು ತಿಂಗಳು ದಾಟಿದ, ಚುರುಕಾಗಿ ಆಡಿಕೊಂಡಿರುವ ಮರಿ ಒಂದು ಹೊತ್ತು ಊಟ ಬಿಟ್ಟರೆ ತೊಂದರೆಯಿಲ್ಲ. ಚಿಹುವಾಹುವಾ, ಪಾಮರೇನಿಯನ್‌ನಂಥ ಪುಟ್ಟ ತಳಿಯ ಮರಿಗಳು ಮತ್ತು ಮೂರು ತಿಂಗಳೊಳಗಿನ ಯಾವ ಮರಿಯೇ ಆಗಲಿ ಹೆಚ್ಚು ಹೊತ್ತು ಹಸಿದಿದ್ದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಅವು ಸತತ ಎರಡು ಹೊತ್ತು ತಿನ್ನದಿದ್ದರೆ ಹಳೆಯ ಆಹಾರವನ್ನೇ ಕೊಟ್ಟು ವೈದ್ಯರನ್ನು ಕೇಳಬೇಕು. ಮರಿ ನಡುಗಿದರೆ, ತೂರಾಡಿದರೆ, ಮಂಕಾದರೆ ವಸಡಿಗೆ ಸ್ವಲ್ಪ ಜೇನನ್ನೋ ಸಕ್ಕರೆ ನೀರನ್ನೋ ಸವರಿ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಪದೇ ಪದೇ ವಾಂತಿ, ಮಲದಲ್ಲಿ ರಕ್ತ, ಅಥವಾ ಇಡೀ ದಿನ ಏನನ್ನೂ ಮುಟ್ಟದಿರುವುದು, ಯಾವ ವಯಸ್ಸಿನ ಮರಿಯಲ್ಲಿ ಕಂಡರೂ ಪ್ರಯೋಗ ನಿಲ್ಲಬೇಕು.

ಮಳೆಗಾಲದ ತೇವದಲ್ಲಿ ಕಾಳು ಮೆತ್ತಗಾಗಿ ಬೂಷ್ಟು ಹಿಡಿಯುವ ಭಯವಿರುವುದರಿಂದ ಆಹಾರವನ್ನು ಮೂಲ ಚೀಲದಲ್ಲೇ ಇಟ್ಟು, ಬಾಯಿ ಮಡಚಿ ಕ್ಲಿಪ್ ಹಾಕಿ, ಆ ಚೀಲವನ್ನು ಬಿಗಿ ಮುಚ್ಚಳದ ಡಬ್ಬಿಯೊಳಗಿಡಿ. ಕಾಳನ್ನು ನೇರವಾಗಿ ಪ್ಲಾಸ್ಟಿಕ್ ಡಬ್ಬಿಗೆ ಸುರಿದರೆ ಹಳೆಯ ಎಣ್ಣೆ ಗೋಡೆಗೆ ಅಂಟಿ ಹೊಸದನ್ನೂ ಕಮಟಾಗಿಸುತ್ತದೆ. ತೆರೆದ ಚೀಲ ತಿಂಗಳೊಳಗೆ ಮುಗಿಯುವಂತಿರಲಿ.

ಪೂರ್ತಿ ಹೊಸ ಆಹಾರಕ್ಕೆ ಬಂದ ನಂತರ ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ಪಕ್ಕೆಲುಬುಗಳ ಮೇಲೆ ಅಂಗೈ ಆಡಿಸಿದಾಗ ಎಲುಬುಗಳು ಕೈಗೆ ಸಿಗಬೇಕು, ಆದರೆ ಎದ್ದು ಕಾಣಬಾರದು. ಮುಧೋಳ ತಳಿಯದಾದರೆ ಅದರ ಮೈಕಟ್ಟೇ ತೆಳ್ಳಗಿರುವುದರಿಂದ ಕೊನೆಯ ಒಂದೆರಡು ಎಲುಬು ಕಂಡರೂ ಸಹಜ, ಅದನ್ನು ದಪ್ಪ ಮಾಡಲು ಹೋಗಬೇಡಿ. ಮಲ ಒಂದೆರಡು ವಾರಗಳಲ್ಲಿ ಹದಕ್ಕೆ ಬರುತ್ತದೆ, ಕೂದಲಿನ ಹೊಳಪಿಗೆ ಆರರಿಂದ ಎಂಟು ವಾರ ಕಾಯಬೇಕು; ಅದಕ್ಕೂ ಮೊದಲೇ ಆಹಾರ ಹಿಡಿಸಲಿಲ್ಲವೆಂದು ಮತ್ತೊಂದು ಬ್ರ್ಯಾಂಡಿಗೆ ಹಾರಿದರೆ ಹಠ ಮತ್ತೆ ಮೊದಲಾಗುತ್ತದೆ. ಪುಟ್ಟ ಮತ್ತು ಮಧ್ಯಮ ತಳಿಗಳು ವರ್ಷ ತುಂಬುವ ಹೊತ್ತಿಗೆ, ದೊಡ್ಡ ತಳಿಗಳು ಒಂದರಿಂದ ಒಂದೂವರೆ ವರ್ಷದ ನಡುವೆ ವಯಸ್ಕ ನಾಯಿಯ ಆಹಾರಕ್ಕೆ ಬದಲಾಗಬೇಕು. ಆಗಲೂ ಹಳೆಯ ಚೀಲದಲ್ಲಿ ಹತ್ತು ದಿನಕ್ಕಾಗುವಷ್ಟು ಉಳಿದಿರುವಾಗಲೇ ಹೊಸದನ್ನು ತಂದು, ಕಾಲುಭಾಗದಿಂದಲೇ ಬೆರೆಸಲು ಆರಂಭಿಸಿ.