ರಾಸಾಯನಿಕಗಳ ನಡುವೆ ದುಡಿಯುವ ಗರ್ಭಿಣಿಯರು ಮೊದಲ ತಿಂಗಳಲ್ಲೇ ಮಾಡಬೇಕಾದ ಕೆಲಸಗಳು

ಮೂರು ತಿಂಗಳು ತುಂಬುವವರೆಗೆ ಬಸುರಿನ ಸುದ್ದಿಯನ್ನು ಹೊರಗೆ ಹೇಳಬಾರದೆಂಬ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ನೆಂಟರಿಷ್ಟರ ಮಟ್ಟಿಗೆ ಅದು ಹಾಗೆಯೇ ಇರಲಿ, ಆದರೆ ಗಾರ್ಮೆಂಟ್ಸ್ ಕಾರ್ಖಾನೆ, ಮುದ್ರಣಾಲಯ, ಬ್ಯಾಟರಿ ಘಟಕ ಅಥವಾ ಹೊಲದಲ್ಲಿ ದುಡಿಯುವವರು ಅದನ್ನು ಕೆಲಸದ ಜಾಗಕ್ಕೆ ಒಯ್ಯಬಾರದು. ಮಗುವಿನ ಮೆದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರನಾಳವು ಗರ್ಭ ಕಟ್ಟಿದ 28ನೇ ದಿನದ ಹೊತ್ತಿಗೆ ಮುಚ್ಚಿಕೊಂಡಿರುತ್ತದೆ. ಹೃದಯ, ಕೈಕಾಲು, ಕಣ್ಣುಗಳು ರೂಪುಗೊಳ್ಳುವುದು ಮುಖ್ಯವಾಗಿ 3ರಿಂದ 8ನೇ ವಾರದೊಳಗೆ. ಹೊಟ್ಟೆ ಕಾಣಿಸಿಕೊಂಡ ಮೇಲೆ ಕೆಲಸ ಬದಲಿಸಿಕೊಂಡರೆ ಅತಿ ಸೂಕ್ಷ್ಮವಾದ ಕಾಲ ಆಗಲೇ ಕಳೆದುಹೋಗಿರುತ್ತದೆ.

ಮೊದಲು ತಾವು ಬಳಸುತ್ತಿರುವ ವಸ್ತುವಿನ ಹೆಸರನ್ನು ತಿಳಿದುಕೊಳ್ಳಬೇಕು. ಫಿನಿಶಿಂಗ್ ವಿಭಾಗದಲ್ಲಿ ಅಂಗಿಯ ಕಾಲರಿಗೆ ಎಣ್ಣೆ ಕಲೆಯಾದರೆ ಅದನ್ನು ಸ್ಪಾಟ್ ಗನ್ನಿನಿಂದ ತೆಗೆಯುತ್ತಾರೆ. ಅದರೊಳಗಿನ ದ್ರಾವಕವನ್ನು ದೊಡ್ಡ ಕ್ಯಾನಿನಿಂದ ಚೀಟಿಯಿಲ್ಲದ ಬಾಟಲಿಗೆ ಸುರಿದುಕೊಂಡಿದ್ದರೆ ಕೈಯಲ್ಲಿ ಹಿಡಿದವರಿಗೆ ಅದು ಬರೀ ‘ಕೆಮಿಕಲ್’ ಆಗಿ ಉಳಿಯುತ್ತದೆ. ಆದ್ದರಿಂದ ಮೂಲ ಕ್ಯಾನಿನ ಚೀಟಿಯನ್ನು ನೋಡಿ, ಆ ವಸ್ತುವಿನ ಸುರಕ್ಷತಾ ಮಾಹಿತಿ ಪತ್ರವನ್ನು, ಅಂದರೆ ಕಾರ್ಖಾನೆಗಳಲ್ಲಿ ಎಂಎಸ್‌ಡಿಎಸ್ ಎಂದು ಕರೆಯುವ ಹಾಳೆಯನ್ನು ಕೇಳಿ ಪಡೆಯಬೇಕು. ಅದರ 2ನೇ ಭಾಗದಲ್ಲಿ ಎಚ್360 ಎಂಬ ಸಂಕೇತವಿದ್ದರೆ ಆ ವಸ್ತುವು ಸಂತಾನಶಕ್ತಿಗೆ ಅಥವಾ ಗರ್ಭದ ಶಿಶುವಿಗೆ ಹಾನಿ ಮಾಡಬಹುದೆಂದೂ, ಎಚ್361 ಇದ್ದರೆ ಅಂಥ ಶಂಕೆಯಿದೆಯೆಂದೂ, ಎಚ್362 ಇದ್ದರೆ ಎದೆಹಾಲು ಕುಡಿಯುವ ಕೂಸಿಗೆ ತೊಂದರೆಯಾಗಬಹುದೆಂದೂ ಅರ್ಥ. ಇಂಗ್ಲಿಷ್ ಓದಲು ಬಾರದವರೂ ಈ ಅಂಕಿಗಳನ್ನು ಗುರುತಿಸಬಲ್ಲರು. ವಸ್ತುವಿನ ಹೆಸರನ್ನು ಬರೆದುಕೊಂಡು ತಾಯಿ ಕಾರ್ಡಿನ ಜೊತೆಗಿಟ್ಟರೆ ಮುಂದಿನ ತಪಾಸಣೆಯಲ್ಲಿ ವೈದ್ಯರಿಗೆ ತೋರಿಸಲು ಅನುಕೂಲ.

ಮೂಗಿಗೆ ಕಟ್ಟಿದ ಬಟ್ಟೆಯನ್ನಾಗಲಿ ಸಾಮಾನ್ಯ ಮಾಸ್ಕನ್ನಾಗಲಿ ನಂಬಬೇಡಿ, ಏಕೆಂದರೆ ದ್ರಾವಕದ ಆವಿ ಅವುಗಳ ಮೂಲಕ ಸರಾಗವಾಗಿ ಒಳಹೋಗುತ್ತದೆ. ಹತ್ತಿಯ ಕೈಗವಸು ದ್ರಾವಕವನ್ನು ಹೀರಿಕೊಂಡು ಚರ್ಮಕ್ಕೇ ಅಂಟಿಸಿಡುತ್ತದೆ. ಆ ಜಾಗದಿಂದ ದೂರ ಸರಿಯುವುದೇ ಸರಿಯಾದ ದಾರಿ. ಚೆಕಿಂಗ್ ಅಥವಾ ಪ್ಯಾಕಿಂಗ್‌ನಂಥ ಕೆಲಸ ಕೊಡಿರೆಂದು ವೈದ್ಯರ ಪತ್ರದೊಂದಿಗೆ ಬರವಣಿಗೆಯಲ್ಲಿ ಕೇಳಿ, ಅದರ ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಳ್ಳಬೇಕು. ಇಎಸ್‌ಐ ಸೌಲಭ್ಯವಿರುವವರು ಈ ಪತ್ರವನ್ನು ಅಲ್ಲಿನ ವೈದ್ಯರಿಂದಲೇ ಕೇಳಬಹುದು. ಆಡಳಿತದವರು ಕಿವಿಗೊಡದಿದ್ದರೆ ರಾಜ್ಯದ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ದೂರು ಕೊಡಬಹುದು.

ತಲೆಸುತ್ತು ಮತ್ತು ವಾಕರಿಕೆ ಬಸುರಿನಲ್ಲಿ ಸಹಜವೆಂದು ಹಿರಿಯರು ಸಮಾಧಾನ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ವಾರದ ರಜೆಯಲ್ಲಿ ಕಡಿಮೆಯಾಗಿ, ಕೆಲಸಕ್ಕೆ ಮರಳಿದೊಡನೆ ಮತ್ತೆ ಹೆಚ್ಚಾದರೆ ಆ ಜಾಗದ ಗಾಳಿಯನ್ನು ಅನುಮಾನಿಸಿ ವೈದ್ಯರಿಗೆ ತಿಳಿಸಬೇಕು.

ಸೀಸದ ವಿಷಯ ಇನ್ನೂ ಕಠಿಣ. ಬ್ಯಾಟರಿ ಕೆಲಸದಲ್ಲಿ ದೇಹ ಸೇರಿದ ಸೀಸವು ವರ್ಷಗಟ್ಟಲೆ ಮೂಳೆಯಲ್ಲಿ ಕುಳಿತಿದ್ದು, ಗರ್ಭಿಣಿಯ ಮೂಳೆಯಿಂದ ಸುಣ್ಣದಂಶ ಕರಗುವಾಗ ರಕ್ತಕ್ಕೆ ಇಳಿದು, ಮಾಸುಚೀಲವನ್ನು ದಾಟಿ ಮಗುವನ್ನು ತಲುಪುತ್ತದೆ. ಹಿಂದೆ ಈ ಕೆಲಸ ಮಾಡಿ ಬಿಟ್ಟವರೂ ಗರ್ಭ ಧರಿಸುವ ಮುನ್ನವೇ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಗಂಡ ಈ ಕೆಲಸದಲ್ಲಿದ್ದರೆ ಅವರ ಬಟ್ಟೆಯ ದೂಳೇ ಮನೆಗೆ ಸೀಸವನ್ನು ತರುತ್ತದೆ. ಅವರು ಕೆಲಸದ ಜಾಗದಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿ ಬರುವಂತಾಗಬೇಕು.

ಹೊಲದಲ್ಲಿ ಔಷಧಿ ಕಲಸುವುದನ್ನೂ, ಹೊಸದಾಗಿ ಸಿಂಪಡಿಸಿದ ಬೆಳೆಯೊಳಗೆ ಕಳೆ ಕೀಳುವುದನ್ನೂ, ಸಿಂಪಡಿಸಿದವರ ಬಟ್ಟೆ ಒಗೆಯುವುದನ್ನೂ ಗರ್ಭಿಣಿ ಮಾಡಬಾರದು. ಡಬ್ಬಿಯ ಮೇಲಿನ ಕೆಂಪು ಗುರುತು ಅತಿ ಹೆಚ್ಚಿನ ವಿಷವನ್ನೂ, ನಂತರ ಕ್ರಮವಾಗಿ ಹಳದಿ, ನೀಲಿ, ಹಸಿರು ಕಡಿಮೆ ವಿಷವನ್ನೂ ಸೂಚಿಸುತ್ತವೆ. ಆದರೆ ಹಸಿರು ಗುರುತು ಗರ್ಭಕ್ಕೆ ನಿರಪಾಯವೆಂಬ ಭರವಸೆಯಲ್ಲ.

ತಿಳಿಯದೆ ಕೆಲವು ವಾರ ಇಂಥ ಕೆಲಸ ಮಾಡಿಬಿಟ್ಟವರು ಮಗುವಿಗೆ ಹಾನಿಯಾಗಿಯೇ ಹೋಯಿತೆಂದು ಕಂಗೆಡಬಾರದು. ಅಪಾಯವು ವಸ್ತು, ಪ್ರಮಾಣ ಮತ್ತು ಗರ್ಭದ ವಾರವನ್ನು ಅವಲಂಬಿಸಿರುತ್ತದೆ. ಯಾವ ವಸ್ತು, ದಿನಕ್ಕೆ ಎಷ್ಟು ಹೊತ್ತು, ಯಾವ ತಿಂಗಳಲ್ಲಿ ಎಂಬುದನ್ನು ಪ್ರಸೂತಿ ವೈದ್ಯರಿಗೆ ಮುಚ್ಚಿಡದೆ ಹೇಳಿ, 18ರಿಂದ 20ನೇ ವಾರದ ಸುಮಾರಿಗೆ ಅಂಗಾಂಗಗಳನ್ನು ನೋಡುವ ಸ್ಕ್ಯಾನನ್ನು ತಪ್ಪದೆ ಮಾಡಿಸಿಕೊಳ್ಳಬೇಕು.